ಎಮೆರಿ ಪೇಪರಿನ ಅಕ್ಷರಗಳು: ಮರಿಯಾ ಮಾಂಟೆಸ್ಸರಿ

ನಮ್ಮ ಊರುಗಳಲ್ಲಿ ಎಲ್‌ಕೆಜಿಗಿಂತ ಮುಂಚೆ ಒಂದು ಕ್ಲಾಸು ಇರತ್ತೆ. ಕೆಲವು ಕಡೆ ಅದಕ್ಕೆ ಪ್ಲೇ ಹೋಮ್ ಅಂತಾರೆ, ಕೆಲವು ಕಡೆ ಮಾಂಟೆಸ್ಸರಿ ಅಂತಾರೆ. ನಮ್ಮಲ್ಲಿ ಎಷ್ಟೋ ಜನ ಮೂರು ವರ್ಷಕ್ಕೆ ಅಲ್ಲಿ ಕೂತು, ಅಮ್ಮ ಬೇಕು ಅಂತ ಅತ್ತು, ಟಿಫನ್ ಬಾಕ್ಸ್ ಖಾಲಿ ಮಾಡಿ ಮನೆಗೆ ಬಂದವರೇ. ಆದರೆ ಮಾಂಟೆಸ್ಸರಿ ಅನ್ನೋದು ಒಬ್ಬರ ಹೆಸರು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ಆಕೆ ಚಿಕ್ಕಂದಿನಲ್ಲಿ ಆಸೆಪಟ್ಟಿದ್ದು ಟೀಚರ್ ಆಗೋಕಲ್ಲ, ಎಂಜಿನಿಯರ್ ಆಗೋಕೆ ಅನ್ನೋದು ಇನ್ನೂ ಕಡಿಮೆ ಜನಕ್ಕೆ ಗೊತ್ತು.

ಈ ಲೇಖನ ಅವರ ಜೀವನದ ಬಗ್ಗೆ. ಅದರಲ್ಲೂ ನನಗೆ ತುಂಬಾ ಇಷ್ಟವಾದ ಒಂದು ಸಣ್ಣ ಘಟನೆಯ ಬಗ್ಗೆ. ಮಾಡಿಕೊಡುವವರು ಯಾರೂ ಸಿಗದೇ ಇದ್ದಾಗ ಕಾಗದ, ಕತ್ತರಿ, ಅಂಟು ಮತ್ತು ಎಮೆರಿ ಪೇಪರ್ ಇಟ್ಟುಕೊಂಡು ಅವರು ಕೈಯಾರೆ ಮಾಡಿದ ಅಕ್ಷರಗಳು, ದುಡ್ಡು ಕೊಟ್ಟು ಮಾಡಿಸಿದ್ದ ಅಕ್ಷರಗಳಿಗಿಂತ ಚೆನ್ನಾಗಿ ಕೆಲಸ ಮಾಡಿದವು.

ಟೆಕ್ನಿಕಲ್ ಸ್ಕೂಲಿನ ಹುಡುಗಿ

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರಾವಲ್ಲೆ ಅನ್ನೋ ಸಣ್ಣ ಊರಲ್ಲಿ. ತಂದೆ ಅಲೆಸ್ಸಾಂಡ್ರೊ ಹಣಕಾಸು ಇಲಾಖೆಯ ಸರ್ಕಾರಿ ನೌಕರರು. ತಾಯಿ ರೆನಿಲ್ಡೆ ಚೆನ್ನಾಗಿ ಓದಿಕೊಂಡಿದ್ದವರು. ಮಗಳು ಒಬ್ಬಳೇ. ತಂದೆಗೆ ವರ್ಗ ಆದ ಕಡೆಯೆಲ್ಲಾ ಸಂಸಾರವೂ ಹೋಗಿ, 1875ರ ಹೊತ್ತಿಗೆ ರೋಮ್‌ನಲ್ಲಿ ನೆಲೆ ನಿಂತಿತು.

ಆಗ ಓದೋ ಹುಡುಗಿಯರಿಗೆ ಇದ್ದ ದಾರಿ ಒಂದೇ, ಟೀಚರ್ ಟ್ರೇನಿಂಗ್. ಮರಿಯಾ ಮಾತ್ರ ಹದಿಮೂರನೇ ವಯಸ್ಸಿಗೆ ಹುಡುಗರ ಟೆಕ್ನಿಕಲ್ ಸ್ಕೂಲ್ ಸೇರಿದಳು. ಗಣಿತ ಅವಳಿಗೆ ಇಷ್ಟ, ಎಂಜಿನಿಯರ್ ಆಗಬೇಕು ಅನ್ನೋದು ಆಸೆ. ಅಲ್ಲಿಂದ ಮುಂದೆ ಲಿಯೊನಾರ್ಡೊ ಡ ವಿಂಚಿ ಹೆಸರಿನ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ 1890ರ ತನಕ ಓದಿದಳು. ಓದು ಮುಗಿಯೋ ಹೊತ್ತಿಗೆ ಮನಸ್ಸು ಬದಲಾಗಿತ್ತು. ಎಂಜಿನಿಯರಿಂಗ್ ಬೇಡ, ಡಾಕ್ಟರ್ ಆಗ್ತೀನಿ ಅಂದಳು. ಬ್ರಾಂಚ್ ಚೇಂಜ್ ಅಂದರೆ ನಮಗೂ ಗೊತ್ತು. ಆದರೆ ಅವಳು ಕೇಳಿದ ಬ್ರಾಂಚಿನಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ ಅನ್ನಬಹುದು. ತಂದೆಗೆ ಇಷ್ಟವಿರಲಿಲ್ಲ, ತಾಯಿ ಜೊತೆಗೆ ನಿಂತರು. ಮೊದಲು ರೋಮ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಕ್ಕೆ ಸೇರಿ, ಆ ಪರೀಕ್ಷೆ ಪಾಸು ಮಾಡಿಕೊಂಡು, 1893ರಲ್ಲಿ ಮೆಡಿಕಲ್ ಸೀಟು ಪಡೆದಳು.

ಸೀಟು ಸಿಕ್ಕಿದ ಮೇಲೂ ಕಷ್ಟ ತಪ್ಪಲಿಲ್ಲ. ಗಂಡು ಹುಡುಗರ ಜೊತೆ ನಿಂತು ಹೆಣದ ಡಿಸೆಕ್ಷನ್ ಮಾಡೋದು ಹೆಣ್ಣಿಗೆ ಸರಿಯಲ್ಲ ಅಂತ, ಎಲ್ಲರೂ ಹೋದ ಮೇಲೆ ಒಬ್ಬಳೇ ಮಾಡಬೇಕಾಗಿತ್ತು. ಸಂಜೆ ಹೊತ್ತು, ಹೆಣಗಳ ಮಧ್ಯೆ, ದೀಪದ ಬೆಳಕಲ್ಲಿ. ವಾಸನೆ ತಡೆಯೋಕಾಗದೆ ಸಿಗರೇಟು ಹಚ್ಚಿಕೊಳ್ಳೋದು ಅಭ್ಯಾಸವಾಯಿತು ಅಂತ ಅವರ ಜೀವನ ಬರೆದವರು ಹೇಳುತ್ತಾರೆ. 1896ರ ಜುಲೈ ತಿಂಗಳಲ್ಲಿ ಡಿಗ್ರಿ ಬಂತು. ಇಟಲಿಯ ಮೊಟ್ಟಮೊದಲ ಲೇಡಿ ಡಾಕ್ಟರ್ ಅಂತ ಕೆಲವು ಕಡೆ ಬರೆದಿರತ್ತೆ, ಅದು ಪೂರ್ತಿ ಸರಿಯಲ್ಲ. ಅವರಿಗಿಂತ ಮುಂಚೆ ಕೆಲವರು ಇದ್ದರು. ಮೊದಲ ಕೆಲವರಲ್ಲಿ ಒಬ್ಬರು ಅನ್ನೋದು ಸರಿ. ಅದೇ ವರ್ಷ ಬರ್ಲಿನ್‌ನಲ್ಲಿ ನಡೆದ ಮಹಿಳೆಯರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಇಟಲಿ ಪರವಾಗಿ ನಿಂತು, ಹೆಂಗಸರಿಗೂ ಗಂಡಸರಷ್ಟೇ ಕೂಲಿ ಕೊಡಬೇಕು ಅಂತ ಮಾತಾಡಿದರು.

ಖಾಲಿ ಕೈಗಳು

ಡಿಗ್ರಿ ಆದ ಮೇಲೆ ರೋಮ್ ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಅಸಿಸ್ಟೆಂಟ್ ಆಗಿ ಸೇರಿದರು. ಆಗ ಬುದ್ಧಿ ಬೆಳವಣಿಗೆ ನಿಧಾನ ಇದ್ದ ಮಕ್ಕಳನ್ನೂ ದೊಡ್ಡವರ ಹುಚ್ಚಾಸ್ಪತ್ರೆಗಳಲ್ಲೇ ಇಟ್ಟಿರುತ್ತಿದ್ದರು. ಅಂಥ ಒಂದು ಕಡೆ ಮಕ್ಕಳನ್ನು ಖಾಲಿ ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ಊಟ ಆದ ಮೇಲೆ ಮಕ್ಕಳು ನೆಲದ ಮೇಲೆ ಬಿದ್ದ ಬ್ರೆಡ್ಡಿನ ಚೂರುಗಳನ್ನು ಹುಡುಕಿ ಹುಡುಕಿ ಹಿಡಿಯುತ್ತಿದ್ದರು. ನೋಡಿಕೊಳ್ಳುವ ಹೆಂಗಸು ಅದನ್ನು ಹೊಟ್ಟೆಬಾಕತನ ಅಂತ ಬೈಯುತ್ತಿದ್ದಳು. ಮರಿಯಾ ಸುತ್ತಲೂ ನೋಡಿದರು. ಆ ಕೋಣೆಯಲ್ಲಿ ಕೈಯಲ್ಲಿ ಹಿಡಿಯೋಕೆ ಬೇರೆ ಏನೂ ಇರಲಿಲ್ಲ. ಮಕ್ಕಳ ಕೈಗೆ ಹಸಿವಾಗಿದೆ, ಹೊಟ್ಟೆಗಲ್ಲ ಅಂತ ಅವರಿಗೆ ಅನ್ನಿಸಿತು.

ಇದೇ ವಿಷಯದ ಮೇಲೆ ಹಿಂದೆ ಯಾರು ಕೆಲಸ ಮಾಡಿದ್ದಾರೆ ಅಂತ ಹುಡುಕಿದಾಗ ಇಬ್ಬರು ಫ್ರೆಂಚ್ ಡಾಕ್ಟರುಗಳ ಪುಸ್ತಕಗಳು ಸಿಕ್ಕವು. ಒಬ್ಬರು ಇಟಾರ್, ಕಾಡಿನಲ್ಲಿ ಸಿಕ್ಕ ಒಬ್ಬ ಹುಡುಗನಿಗೆ ಮಾತು ಕಲಿಸೋಕೆ ವರ್ಷಗಟ್ಟಲೆ ಒದ್ದಾಡಿದವರು. ಇನ್ನೊಬ್ಬರು ಅವರ ಶಿಷ್ಯ ಸೆಗ್ಯಾಂ. ಕಣ್ಣು, ಕಿವಿ, ಚರ್ಮ ಇವುಗಳನ್ನು ಮೊದಲು ಎಬ್ಬಿಸಿದರೆ ಬುದ್ಧಿ ತಾನಾಗೇ ಹಿಂದೆ ಬರತ್ತೆ ಅನ್ನೋದು ಇಬ್ಬರ ನಂಬಿಕೆ. ಮರಿಯಾ ಆ ಪುಸ್ತಕಗಳನ್ನು ಇಟಾಲಿಯನ್‌ಗೆ ಅನುವಾದ ಮಾಡುತ್ತಾ, ಮೊದಲಿಂದ ಕೊನೆವರೆಗೆ ತಮ್ಮ ಕೈಯಲ್ಲೇ ಬರೆದುಕೊಂಡರು. ಒಂದೊಂದು ಪದದ ತೂಕ ನೋಡೋಕೆ ಸಮಯ ಸಿಗಲಿ ಅಂತ. ಹಿಂದಿನ ರಾತ್ರಿ ನೋಟ್ಸಿನ ಪಿಡಿಎಫ್ ಫಾರ್ವರ್ಡ್ ಮಾಡಿಕೊಳ್ಳುವ ನಮಗೆ ಇದು ವಿಚಿತ್ರ ಅನ್ನಿಸಬಹುದು.

1900ರಲ್ಲಿ ರೋಮ್‌ನಲ್ಲಿ ಇಂಥ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರಿಗೋಸ್ಕರ ಒಂದು ಶಾಲೆ ಶುರುವಾಯಿತು. ಅದನ್ನು ಮರಿಯಾ ಮತ್ತು ಜುಸೆಪ್ಪೆ ಮೊಂಟೆಸಾನೊ ಎಂಬ ಡಾಕ್ಟರ್ ಇಬ್ಬರೂ ಸೇರಿ ನಡೆಸಿದರು. ಅಲ್ಲಿಯ ಮಕ್ಕಳಿಗೆ ಅಂತ ಮರಿಯಾ ಮರದಲ್ಲಿ ದೊಡ್ಡ ದೊಡ್ಡ ಅಕ್ಷರಗಳನ್ನು ಮಾಡಿಸಿದರು. ಸ್ವರಗಳಿಗೆ ಕೆಂಪು, ವ್ಯಂಜನಗಳಿಗೆ ನೀಲಿ. ಮಕ್ಕಳು ಆ ಅಕ್ಷರಗಳ ಮೇಲೆ ಬೆರಳಾಡಿಸಿ ಕಲಿತರು. ಏನೂ ಕಲಿಯೋಕಾಗಲ್ಲ ಅಂತ ಬಿಟ್ಟಿದ್ದ ಕೆಲವು ಮಕ್ಕಳು ಮಾಮೂಲಿ ಶಾಲೆಯ ಪರೀಕ್ಷೆಗೆ ಕೂತು, ಓದು ಬರಹದಲ್ಲಿ ಪಾಸಾದರು. ಊರೆಲ್ಲಾ ಹೊಗಳಿತು. ಮರಿಯಾ ಅವರಿಗೆ ಮಾತ್ರ ಬೇರೆ ಪ್ರಶ್ನೆ ಬಂತು. ಈ ಮಕ್ಕಳೇ ಇಷ್ಟು ಮಾಡಿದರೆ, ಆರೋಗ್ಯವಾಗಿರೋ ಮಕ್ಕಳು ಮಾಮೂಲಿ ಶಾಲೆಗಳಲ್ಲಿ ಇಷ್ಟರಲ್ಲೇ ಯಾಕೆ ನಿಂತಿದ್ದಾರೆ?

ಬೇರೆ ಮನೆಯಲ್ಲಿ ಬೆಳೆದ ಮಗ

ಈ ಭಾಗ ಬಿಟ್ಟು ಅವರ ಕಥೆ ಹೇಳೋದು ನ್ಯಾಯವಲ್ಲ. 1898ರ ಮಾರ್ಚ್ 31ರಂದು ಮರಿಯಾ ಅವರಿಗೆ ಒಬ್ಬ ಮಗ ಹುಟ್ಟಿದ. ಹೆಸರು ಮಾರಿಯೊ. ತಂದೆ ಅದೇ ಮೊಂಟೆಸಾನೊ. ಇಬ್ಬರಿಗೂ ಮದುವೆ ಆಗಿರಲಿಲ್ಲ. ಆ ಕಾಲದ ರೋಮ್‌ನಲ್ಲಿ ಮದುವೆ ಇಲ್ಲದೆ ಮಗು ಆಯಿತು ಅಂದರೆ ಒಬ್ಬ ಲೇಡಿ ಡಾಕ್ಟರಿನ ಕೆಲಸ, ಹೆಸರು ಎಲ್ಲಾ ಅವತ್ತೇ ಮುಗೀತು. ಮಗುವನ್ನು ಹಳ್ಳಿಯಲ್ಲಿ ಒಂದು ಸಂಸಾರದ ಹತ್ತಿರ ಬೆಳೆಯೋಕೆ ಬಿಟ್ಟರು. 1901ರಲ್ಲಿ ಮೊಂಟೆಸಾನೊ ಬೇರೆಯವರನ್ನು ಮದುವೆಯಾದರು. ಮರಿಯಾ ಆ ಶಾಲೆಯನ್ನೇ ಬಿಟ್ಟು ಹೊರಗೆ ಬಂದು, ಮತ್ತೆ ವಿಶ್ವವಿದ್ಯಾಲಯ ಸೇರಿ ತತ್ವಶಾಸ್ತ್ರ, ಮನಶ್ಶಾಸ್ತ್ರ ಓದಲು ಕೂತರು.

ಮಗನನ್ನು ಆಗಾಗ ನೋಡಿಕೊಂಡು ಬರುತ್ತಿದ್ದರು. ಆದರೆ ತಾನು ಯಾರು ಅಂತ ಹೇಳುತ್ತಿರಲಿಲ್ಲ. ಮುಂದೆ ಜಗತ್ತಿನ ಮಕ್ಕಳ ಬಗ್ಗೆ ಎಷ್ಟೋ ಪುಸ್ತಕ ಬರೆದವರು, ತಮ್ಮ ಮಗು ಮೊದಲ ಸಲ ಚಮಚ ಹಿಡಿದಿದ್ದು, ಮೊದಲ ಸಲ ಮೆಟ್ಟಿಲು ಹತ್ತಿದ್ದು ನೋಡಲಿಲ್ಲ. ಇದಕ್ಕೆ ಅವರನ್ನು ಬೈಯೋರೂ ಇದ್ದಾರೆ, ಆ ಕಾಲವನ್ನು ಬೈಯೋರೂ ಇದ್ದಾರೆ. ಅದೇ ಪರಿಸ್ಥಿತಿಯಲ್ಲಿ ತಂದೆಯ ಕೆಲಸಕ್ಕೆ ಏನೂ ಆಗಲಿಲ್ಲ ಅನ್ನೋದನ್ನು ಮಾತ್ರ ಗಮನಿಸಬೇಕು.

ಸಾನ್ ಲೊರೆಂಜೊದ ಮನೆ

ಸಾನ್ ಲೊರೆಂಜೊ ರೋಮ್‌ನ ಬಡವರ ಬಡಾವಣೆ. ಬಿಲ್ಡರುಗಳು ಅರ್ಧ ಕಟ್ಟಿ, ದಿವಾಳಿಯಾಗಿ ಬಿಟ್ಟುಹೋದ ಕಟ್ಟಡಗಳಲ್ಲಿ ಜನ ತುಂಬಿಕೊಂಡಿದ್ದರು. ಒಂದು ಸಂಸ್ಥೆ ಅವನ್ನು ಕೊಂಡು ರಿಪೇರಿ ಮಾಡಿ ಬಾಡಿಗೆಗೆ ಕೊಟ್ಟಿತು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಶಾಲೆಗೆ ಹೋಗದ ಸಣ್ಣ ಮಕ್ಕಳು ಮೆಟ್ಟಿಲ ಮೇಲೆ ಓಡಾಡಿ ಗೋಡೆ ಗಲೀಜು ಮಾಡುತ್ತಿದ್ದವು. ಗೋಡೆ ರಿಪೇರಿಗೆ ಖರ್ಚು ಮಾಡೋದಕ್ಕಿಂತ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ ನೋಡಿಕೊಳ್ಳೋದು ಅಗ್ಗ ಅಂತ ಸಂಸ್ಥೆಗೆ ಅನ್ನಿಸಿತು. ಜವಾಬ್ದಾರಿಗೆ ಮರಿಯಾ ಅವರನ್ನು ಕರೆದರು.

1907ರ ಜನವರಿ 6ರಂದು ಆ ಕೋಣೆ ತೆರೆಯಿತು. ಹೆಸರು ಕಾಸಾ ದೇಯ್ ಬಾಂಬಿನಿ, ಅಂದರೆ ಮಕ್ಕಳ ಮನೆ. ಸುಮಾರು ಐವತ್ತು ಮಕ್ಕಳು, ಮೂರರಿಂದ ಆರು ವರ್ಷದವರು. ನೋಡಿಕೊಳ್ಳೋಕೆ ಟ್ರೇನಿಂಗ್ ಇಲ್ಲದ ಒಬ್ಬ ಹುಡುಗಿ. ಶಾಲೆಯ ಬೆಂಚು ಕೊಳ್ಳೋಕೆ ಹಣ ಇರಲಿಲ್ಲ. ಹಾಗಾಗಿ ಸಾಮಾನ್ಯ ಮೇಜು, ಕುರ್ಚಿ, ಬೀಗದ ಬೀರು. ಮರಿಯಾ ಹಿಂದಿನ ಶಾಲೆಯಲ್ಲಿ ಬಳಸಿದ್ದ ಕೆಲವು ಸಾಮಾನುಗಳನ್ನು ಇಲ್ಲಿಗೂ ತಂದಿಟ್ಟು, ಏನಾಗತ್ತೆ ಅಂತ ನೋಡುತ್ತಾ ಕೂತರು.

ಒಂದು ದಿನ ಮೂರು ವರ್ಷದ ಒಂದು ಹೆಣ್ಣುಮಗು ಮರದ ಸಿಲಿಂಡರುಗಳನ್ನು ಅವುಗಳ ತೂತಿಗೆ ಹಾಕುತ್ತಾ ಕೂತಿತ್ತು. ಹಾಕೋದು, ತೆಗೆಯೋದು, ಕಲಸೋದು, ಮತ್ತೆ ಹಾಕೋದು. ಮರಿಯಾ ಎಣಿಸತೊಡಗಿದರು. ಬೇರೆ ಮಕ್ಕಳಿಗೆ ಸುತ್ತಲೂ ಹಾಡು ಹಾಡೋಕೆ ಹೇಳಿದರು. ಮಗು ಕೂತಿದ್ದ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರು. ಮಗು ಸಾಮಾನನ್ನು ತೊಡೆ ಮೇಲೆ ಇಟ್ಟುಕೊಂಡು ಮುಂದುವರಿಸಿತು. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ನಿದ್ದೆಯಿಂದ ಎದ್ದ ಹಾಗೆ ಸುತ್ತ ನೋಡಿ ನಕ್ಕಿತು. ಸಣ್ಣ ಮಕ್ಕಳಿಗೆ ಒಂದು ಕಡೆ ಗಮನ ನಿಲ್ಲಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು.

ಇನ್ನೊಂದು ದಿನ ಟೀಚರ್ ಬರೋದು ತಡವಾಯಿತು. ಹಿಂದಿನ ದಿನ ಬೀರುವಿಗೆ ಬೀಗ ಹಾಕೋದು ಮರೆತುಹೋಗಿತ್ತು. ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದ್ದನ್ನು ತೆಗೆದುಕೊಂಡು ಗಲಾಟೆ ಇಲ್ಲದೆ ಕೆಲಸ ಮಾಡುತ್ತಿದ್ದರು. ಟೀಚರಿಗೆ ಅದು ಕಳ್ಳತನ ಅನ್ನಿಸಿತು, ಮರಿಯಾಗೆ ಆಯ್ಕೆ ಅನ್ನಿಸಿತು. ಅಂದಿನಿಂದ ಬೀರು ಹೋಗಿ, ಮಕ್ಕಳ ಕೈಗೆ ಎಟುಕುವ ಶೆಲ್ಫು ಬಂತು. ದೊಡ್ಡವರು ದಾನ ಕೊಟ್ಟ ಬೆಲೆಬಾಳುವ ಆಟಿಕೆಗಳು ಅಲ್ಲೇ ಇದ್ದವು. ಮಕ್ಕಳು ಅವನ್ನು ಮುಟ್ಟುತ್ತಿರಲಿಲ್ಲ.

ಕೈಯಾರೆ ಮಾಡಿದ ಅಕ್ಷರ

ಆರು ವರ್ಷಕ್ಕಿಂತ ಮುಂಚೆ ಓದು ಬರಹ ಕಲಿಸಬಾರದು ಅಂತಲೇ ಮರಿಯಾ ಕೂಡ ಅಂದುಕೊಂಡಿದ್ದರು. ಆದರೆ ಮಕ್ಕಳ ಮನೆಯವರೇ ಬಂದು ಕೇಳಿದರು. ತಮಗೆ ಓದೋಕೆ ಬರಲ್ಲ, ಮಕ್ಕಳಿಗಾದರೂ ಬರಲಿ ಅಂತ. ಸರಿ, ಹಳೇ ಶಾಲೆಯಲ್ಲಿ ಇದ್ದಂಥ ಮರದ ಅಕ್ಷರಗಳನ್ನು ಮಾಡಿಸೋಣ ಅಂತ ಹೊರಟರೆ ಮಾಡಿಕೊಡುವವರು ಯಾರೂ ಸಿಗಲಿಲ್ಲ.

ಆಗ ಅವರು ದೊಡ್ಡ ಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿದರು. ಒಬ್ಬ ಟೀಚರ್ ಅವಕ್ಕೆ ಬಣ್ಣ ಹಚ್ಚಿದರು. ಮುಟ್ಟಿ ಕಲಿಯೋಕೆ ಏನು ಮಾಡೋದು ಅಂತ ಯೋಚಿಸಿ, ಎಮೆರಿ ಪೇಪರಿನಲ್ಲಿ ಅಕ್ಷರ ಕತ್ತರಿಸಿ ನುಣುಪಾದ ಕಾಗದದ ಮೇಲೆ ಅಂಟಿಸಿದರು. ಮೊದಲ ವರ್ಷ ವರ್ಕ್‌ಶಾಪ್‌ನಲ್ಲಿ ನಾವೆಲ್ಲಾ ಜಾಬ್ ಉಜ್ಜೋಕೆ ಬಳಸುತ್ತೇವಲ್ಲ, ಅಂಥದೇ ಪೇಪರು.

ಮಾಡಿ ಮುಗಿಸಿದ ಮೇಲೆ ಅವರಿಗೆ ಹೊಳೆದಿದ್ದು ಇದು: ಈ ಬಡ ಅಕ್ಷರಗಳು ಆ ಶ್ರೀಮಂತ ಮರದ ಅಕ್ಷರಗಳಿಗಿಂತ ಒಳ್ಳೆಯವು. ಮರದ್ದು ಒಂದೇ ಸೆಟ್ಟು. ಒಂದು ಅಕ್ಷರ ಒಂದೇ ಸಲ ಇರೋದರಿಂದ ಪದ ಜೋಡಿಸೋಕೆ ಆಗಲ್ಲ. ಕಾಗದದ್ದು ಎಷ್ಟು ಬೇಕೋ ಅಷ್ಟು ಮಾಡಬಹುದು, ಐವತ್ತು ಮಕ್ಕಳು ಒಟ್ಟಿಗೆ ಬಳಸಬಹುದು. ಇನ್ನು ಎಮೆರಿ ಪೇಪರಿನಲ್ಲಿ ಬೆರಳು ಅಕ್ಷರದ ದಾರಿ ಬಿಟ್ಟು ಹೊರಗೆ ಹೋದರೆ ತಕ್ಷಣ ನುಣುಪು ಸಿಗತ್ತೆ. ಒರಟು ಅಂದರೆ ಸರಿ, ನುಣುಪು ಅಂದರೆ ದಾರಿ ತಪ್ಪಿದೆ. ಟೀಚರ್ ತಪ್ಪು ಅಂತ ಹೇಳೋ ಅಗತ್ಯವೇ ಇಲ್ಲ. ಕಂಟ್ರೋಲ್ ಸಿಸ್ಟಮ್ಸ್ ಓದಿದ ಸೀನಿಯರುಗಳು ಇದಕ್ಕೆ ಫೀಡ್‌ಬ್ಯಾಕ್ ಅಂತಾರೆ.

ಮಕ್ಕಳು ಎರಡು ಬೆರಳಲ್ಲಿ ಅಕ್ಷರ ತಿದ್ದುತ್ತಾ ಅದರ ಶಬ್ದ ಹೇಳುತ್ತಿದ್ದರು. ಹೀಗೆ ಕಣ್ಣು, ಕಿವಿ, ಬೆರಳು ಮೂರೂ ದಾರಿಯಿಂದ ಒಂದೇ ಅಕ್ಷರ ಒಳಗೆ ಹೋಗುತ್ತಿತ್ತು. ಡಿಸೆಂಬರ್ ತಿಂಗಳ ಒಂದು ಬಿಸಿಲಿನ ದಿನ ಮರಿಯಾ ಮಕ್ಕಳ ಜೊತೆ ಮಾಳಿಗೆ ಮೇಲೆ ಕೂತಿದ್ದರು. ಪಕ್ಕದಲ್ಲಿದ್ದ ಐದು ವರ್ಷದ ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟು ಎದುರಿಗಿದ್ದ ಚಿಮಣಿಯ ಚಿತ್ರ ಬರೆಯೋಕೆ ಹೇಳಿದರು. ಅವನು ನೆಲದ ಮೇಲೆ ಚಿತ್ರ ಬರೆದ. ಹೊಗಳಿದರು. ಹುಡುಗ ಒಂದು ಕ್ಷಣ ಸುಮ್ಮನಿದ್ದು, ತನಗೆ ಬರೆಯೋಕೆ ಬರತ್ತೆ ಅಂತ ಕೂಗಿ, ಬಗ್ಗಿ ಒಂದು ಪದ ಬರೆದ. ಅದು ಕೈ ಅನ್ನೋ ಪದ. ಆಮೇಲೆ ಚಿಮಣಿ, ಆಮೇಲೆ ಸೂರು. ಬರೆಯೋದನ್ನು ಅವನಿಗೆ ಯಾರೂ ಬಳಪ ಹಿಡಿಸಿ ಕಲಿಸಿರಲಿಲ್ಲ. ಬೆರಳಿಗೆ ದಾರಿ ಗೊತ್ತಿತ್ತು, ಅಷ್ಟೇ. ಕೂಗು ಕೇಳಿ ಬಂದ ಬೇರೆ ಮಕ್ಕಳೂ ಸೀಮೆಸುಣ್ಣ ಕಸಿದುಕೊಂಡು ಬರೆಯೋಕೆ ಶುರುಮಾಡಿದರು.

ಒಂದೇ ವೇರಿಯಬಲ್

ಮಾಂಟೆಸ್ಸರಿ ಸಾಮಾನುಗಳನ್ನು ಎಂಜಿನಿಯರಿಂಗ್ ಕಣ್ಣಿಂದ ನೋಡಿದರೆ ಮಜವಾಗಿರತ್ತೆ. ಪಿಂಕ್ ಟವರ್ ಅಂತ ಹತ್ತು ಘನಗಳಿವೆ. ಚಿಕ್ಕದರ ಬದಿ 1 ಸೆಂ.ಮೀ., ದೊಡ್ಡದರದ್ದು 10 ಸೆಂ.ಮೀ. ಅಂದರೆ ಘನ ಅಳತೆ 1ರಿಂದ 1000 ಘನ ಸೆಂ.ಮೀ. ತನಕ ಹೋಗತ್ತೆ. ಇಲ್ಲಿ ಉದ್ದ, ಅಗಲ, ಎತ್ತರ ಮೂರೂ ಬದಲಾಗುತ್ತವೆ. ಕಂದು ಮೆಟ್ಟಿಲು ಅನ್ನೋದರಲ್ಲಿ ಉದ್ದ ಎಲ್ಲಕ್ಕೂ ಒಂದೇ, ಇನ್ನೆರಡು ಬದಲಾಗುತ್ತವೆ. ಕೆಂಪು ಕೋಲುಗಳಲ್ಲಿ ಉದ್ದ ಮಾತ್ರ ಬದಲಾಗತ್ತೆ, 10 ಸೆಂ.ಮೀ.ನಿಂದ 1 ಮೀಟರ್. ಒಂದು ಸೆಟ್ಟಿನಲ್ಲಿ ಬಣ್ಣ ಎಲ್ಲಕ್ಕೂ ಒಂದೇ. ಯಾಕಂದರೆ ಬಣ್ಣವೂ ಬದಲಾದರೆ ಮಗು ಯಾವುದನ್ನು ನೋಡಬೇಕು? ಲ್ಯಾಬಿನಲ್ಲಿ ನಾವು ಒಂದನ್ನು ಬದಲಿಸಿ ಉಳಿದದ್ದನ್ನು ಸ್ಥಿರ ಇಡ್ತೀವಲ್ಲ, ಅದೇ ಇದು.

ಹಾಗಾಗಿ ಈ ಸಾಮಾನುಗಳ ಗುಟ್ಟು ಮರದಲ್ಲಿಲ್ಲ, ಬೆಲೆಯಲ್ಲಂತೂ ಇಲ್ಲ. ಎರಡೇ ನಿಯಮ. ಒಂದು ಸಾಮಾನಿನಲ್ಲಿ ಒಂದೇ ಗುಣ ಬದಲಾಗಬೇಕು. ತಪ್ಪಾದರೆ ಅದು ಮಗುವಿಗೆ ತಾನಾಗೇ ಗೊತ್ತಾಗಬೇಕು. ಇವೆರಡು ಇದ್ದರೆ ಅಡುಗೆಮನೆಯಲ್ಲೂ ಮಾಡಬಹುದು.

ಕಳೆದ ದಸರಾ ರಜೆಯಲ್ಲಿ ನಮ್ಮ ಅಕ್ಕನ ಮಗಳ ಜೊತೆ ಕೂತು ಮಾಡಿದೆವು. ಅವಳಿಗೆ ಮೂರೂವರೆ ವರ್ಷ. ಒಂದೇ ಥರದ ಆರು ಸಣ್ಣ ಡಬ್ಬಿ. ಎರಡಕ್ಕೆ ರಾಗಿ, ಎರಡಕ್ಕೆ ಕಡಲೆಕಾಳು, ಎರಡಕ್ಕೆ ಹುಣಿಸೆ ಬೀಜ. ಚಮಚದಲ್ಲಿ ತುಂಬಿದ್ದು ಅವಳೇ, ಅರ್ಧ ನೆಲದ ಮೇಲೆ ಹೋಯಿತು, ಹೆಕ್ಕಿದ್ದೂ ಅವಳೇ. ಮುಚ್ಚಳಕ್ಕೆ ಗಟ್ಟಿ ಟೇಪು ಸುತ್ತಿ, ಒಳಗಿನದು ಕಾಣದ ಹಾಗೆ ಎಲ್ಲದಕ್ಕೂ ಒಂದೇ ಬಣ್ಣದ ಕಾಗದ ಅಂಟಿಸಿ, ತಳದಲ್ಲಿ ಜೋಡಿಗೆ ಒಂದೊಂದು ಗುರುತು ಹಾಕಿದೆವು. ಅಲ್ಲಾಡಿಸಿ ಜೋಡಿ ಹುಡುಕೋದು, ತಿರುಗಿಸಿ ಗುರುತು ನೋಡೋದು. ಸರಿಯೋ ತಪ್ಪೋ ಅಂತ ಅವಳು ನಮ್ಮ ಮುಖ ನೋಡಲೇ ಇಲ್ಲ, ಡಬ್ಬಿಯ ತಳ ನೋಡಿದಳು.

ಆಮೇಲೆ ಎಮೆರಿ ಪೇಪರ್. ಹಾರ್ಡ್‌ವೇರ್ ಅಂಗಡಿಯಲ್ಲಿ ನುಣ್ಣನೆಯ ನಂಬರಿನದು ಕೇಳಬೇಕು, ತುಂಬಾ ಒರಟು ಇದ್ದರೆ ಮಗುವಿನ ಬೆರಳು ಉರಿಯತ್ತೆ. ಅಕ್ಷರವನ್ನು ಹಿಂದಿನ ಬದಿಯಲ್ಲಿ ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ ಬರೆದು ಕತ್ತರಿಸಬೇಕು, ಆಗ ಮುಂದಿನಿಂದ ಸರಿಯಾಗಿ ಬರತ್ತೆ. ಅಮ್ಮನ ಒಳ್ಳೇ ಕತ್ತರಿ ಬೇಡ, ಮೊಂಡಾಗತ್ತೆ. ರಟ್ಟಿನ ಮೇಲೆ ಫೆವಿಕಾಲ್‌ನಿಂದ ಅಂಟಿಸಿದರೆ ಮುಗೀತು. ಕನ್ನಡದ ಅಕ್ಷರಗಳು ದುಂಡಗಿರೋದರಿಂದ ಬೆರಳು ಸಲೀಸಾಗಿ ಓಡತ್ತೆ. ರ, ಗ, ಸ ಈ ಮೂರನ್ನೇ ಮೊದಲು ಮಾಡಿದೆವು. ಅಜ್ಜಿ ನೋಡಿ, ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸೋದೂ ಇದೇ ಅಲ್ವಾ ಅಂದರು. ಹೌದು, ಹತ್ತಿರದ್ದೇ. ನಾವು ಅದನ್ನು ಒಂದು ದಿನಕ್ಕೆ ನಿಲ್ಲಿಸಿಬಿಡುತ್ತೇವೆ, ಅಷ್ಟೇ ವ್ಯತ್ಯಾಸ. ನೀವೂ ಮಾಡೋದಾದರೆ ಒಂದು ಮಾತು: ಕಾಳು, ಬೀಜ ಇರೋ ಕಡೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮೂಗು, ಬಾಯಿ ಎರಡೂ ಅವಕ್ಕೆ ಡಬ್ಬಿಗಳೇ.

ಹೆಸರು ಮತ್ತು ಅದರ ಬೆಲೆ

1909ರಲ್ಲಿ ಮರಿಯಾ ತಮ್ಮ ವಿಧಾನದ ಬಗ್ಗೆ ಪುಸ್ತಕ ಬರೆದರು. 1912ರಲ್ಲಿ ಇಂಗ್ಲಿಷಿಗೆ ಬಂತು. 1913ರ ಕೊನೆಯಲ್ಲಿ ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ತುಂಬಿಹೋಗಿತ್ತು. 1915ರಲ್ಲಿ ಸಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ಕ್ಲಾಸ್‌ರೂಮ್ ಇಟ್ಟು, ಹೊರಗೆ ನಿಂತ ಜನಕ್ಕೆ ಮಕ್ಕಳು ಕೆಲಸ ಮಾಡೋದನ್ನು ತೋರಿಸಿದರು.

ಹೆಸರಿನ ಜೊತೆ ವ್ಯಾಪಾರವೂ ಬಂತು. ಸಾಮಾನುಗಳನ್ನು ಕಂಪನಿಗಳು ಪೆಟ್ಟಿಗೆ ಲೆಕ್ಕದಲ್ಲಿ ಮಾರತೊಡಗಿದವು. ಮರಿಯಾ ಅಳತೆಗಳ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ತಮ್ಮ ಒಪ್ಪಿಗೆ ಇಲ್ಲದೆ ಯಾರಾದರೂ ಬದಲಾವಣೆ ಮಾಡಿದರೆ ಸಹಿಸುತ್ತಿರಲಿಲ್ಲ. ಇದರಿಂದ ಎಷ್ಟೋ ಜನ ಜೊತೆಗಾರರು ದೂರವಾದರು. ಕಾಗದ ಕತ್ತರಿಸಿ ಅಕ್ಷರ ಮಾಡಿದವರೇ ಹೀಗೆ ಮಾಡಿದ್ದು ಸರಿಯೇ ಅಂತ ಕೇಳಬಹುದು. ನನಗೆ ಅನ್ನಿಸೋದು, ಅವರ ಭಯಕ್ಕೂ ಕಾರಣ ಇತ್ತು. ಸಿಲಿಂಡರ್ ಒಂದು ಮಿಲಿಮೀಟರ್ ಸಡಿಲ ಇದ್ದರೆ ತಪ್ಪು ತೂತಿಗೂ ಹೋಗಿ ಕೂರತ್ತೆ, ಆಗ ಮಗುವಿಗೆ ತಪ್ಪು ಗೊತ್ತಾಗೋದೇ ಇಲ್ಲ. ಆದರೆ ಅಳತೆ ಕಾಯೋದು ಬೇರೆ, ಬಡವರ ಕೈಗೆ ಸಿಗದ ಹಾಗೆ ಆಗೋದು ಬೇರೆ. ಸಾನ್ ಲೊರೆಂಜೊದ ಮಕ್ಕಳಿಗೋಸ್ಕರ ಹುಟ್ಟಿದ್ದು ಇವತ್ತು ಎಷ್ಟೋ ಕಡೆ ಲಕ್ಷಗಟ್ಟಲೆ ಫೀಸಿನ ಶಾಲೆಗಳ ಬೋರ್ಡಿನ ಮೇಲಿದೆ.

ರಾಜಕೀಯವೂ ಬಿಡಲಿಲ್ಲ. 1920ರ ದಶಕದಲ್ಲಿ ಮುಸೊಲಿನಿ ಸರ್ಕಾರ ಅವರ ಶಾಲೆಗಳಿಗೆ ಬೆಂಬಲ ಕೊಟ್ಟಿತು, ಅವರು ಅದನ್ನು ತೆಗೆದುಕೊಂಡರು. ಇದಕ್ಕೆ ಇವತ್ತಿಗೂ ಟೀಕೆ ಇದೆ. ತಾನಾಗಿ ಯೋಚಿಸುವ ಮಕ್ಕಳು, ಹೇಳಿದ್ದು ಕೇಳುವ ಪ್ರಜೆಗಳು, ಎರಡೂ ಒಟ್ಟಿಗೆ ನಡೆಯೋದಲ್ಲ. 1934ರಲ್ಲಿ ಸಂಬಂಧ ಮುರಿದು ಅವರು ಇಟಲಿ ಬಿಟ್ಟರು. ಅವರ ಶಾಲೆಗಳು ಅಲ್ಲೂ ಮುಚ್ಚಿದವು, ಹಿಟ್ಲರನ ಜರ್ಮನಿಯಲ್ಲೂ ಮುಚ್ಚಿದವು. ಬಾರ್ಸಿಲೋನಾದಲ್ಲಿದ್ದಾಗ 1936ರಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ನೆದರ್ಲೆಂಡ್ಸ್‌ಗೆ.

ಈ ಎಲ್ಲಾ ಓಡಾಟದಲ್ಲಿ ಜೊತೆಗಿದ್ದವನು ಮಾರಿಯೊ. ಮರಿಯಾ ಅವರ ತಾಯಿ 1912ರಲ್ಲಿ ತೀರಿಕೊಂಡರು. ಮುಂದಿನ ವರ್ಷ, ಹದಿನೈದರ ಹುಡುಗ ಮಾರಿಯೊ, ಆಗಾಗ ನೋಡೋಕೆ ಬರುವ ಈ ಹೆಂಗಸೇ ತನ್ನ ತಾಯಿ ಅಂತ ತಾನೇ ಊಹಿಸಿ, ಎದುರಿಗೇ ಹೇಳಿ ಅವರ ಜೊತೆ ಹೊರಟುಬಂದ ಅಂತ ಹೇಳುತ್ತಾರೆ. ಆದರೆ ಹೊರಗಿನವರಿಗೆ ಅವನು ಅಣ್ಣನ ಮಗನೋ, ದತ್ತು ಮಗನೋ ಆಗಿಯೇ ಉಳಿದ.

ಅಡ್ಯಾರ್ ಮತ್ತು ಕೊಡೈಕೆನಾಲ್

ನಮ್ಮ ದೇಶಕ್ಕೆ ಅವರ ವಿಚಾರ ಅವರಿಗಿಂತ ಮುಂಚೆ ಬಂದಿತ್ತು. ಗುಜರಾತಿನ ಭಾವನಗರದಲ್ಲಿ ವಕೀಲರಾಗಿದ್ದ ಗಿಜುಭಾಯಿ ಬಧೇಕಾ 1920ರಲ್ಲೇ ಬಾಲಮಂದಿರ ತೆರೆದಿದ್ದರು. 1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಕರೆಯ ಮೇಲೆ ಮರಿಯಾ ಮತ್ತು ಮಾರಿಯೊ ಮದ್ರಾಸಿಗೆ ಬಂದರು. ಆಗ ಅವರಿಗೆ 69 ವರ್ಷ. ಅಡ್ಯಾರ್‌ನ ಮೊದಲ ತರಬೇತಿಗೆ ದೇಶದ ಬೇರೆ ಬೇರೆ ಕಡೆಯಿಂದ ಸುಮಾರು 300 ಜನ ಬಂದರು. ಅವರು ಇಟಾಲಿಯನ್‌ನಲ್ಲಿ ಹೇಳೋದು, ಮಾರಿಯೊ ಇಂಗ್ಲಿಷಿಗೆ ತಿರುಗಿಸೋದು.

ಕೆಲವು ತಿಂಗಳಿಗೆ ಅಂತ ಬಂದವರು ಸಿಕ್ಕಿಹಾಕಿಕೊಂಡರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷ್ ಸರ್ಕಾರಕ್ಕೆ ಇಬ್ಬರೂ ಶತ್ರು ದೇಶದವರಾದರು. ಮಾರಿಯೊನನ್ನು ಅಹಮದ್‌ನಗರದ ಶಿಬಿರಕ್ಕೆ ಕಳಿಸಿದರು. ಮರಿಯಾ ಅಡ್ಯಾರ್ ಕಾಂಪೌಂಡ್ ದಾಟುವ ಹಾಗಿರಲಿಲ್ಲ. ಆಗಸ್ಟ್ 31, ಅವರ ಎಪ್ಪತ್ತನೇ ಹುಟ್ಟುಹಬ್ಬ. ಅವತ್ತು ವೈಸ್‌ರಾಯ್ ಕಡೆಯಿಂದ ಟೆಲಿಗ್ರಾಂ ಬಂತು. ಹುಟ್ಟುಹಬ್ಬದ ಉಡುಗೊರೆಯಾಗಿ ನಿಮ್ಮ ಮಗನನ್ನು ನಿಮಗೆ ವಾಪಸ್ ಕೊಡುತ್ತಿದ್ದೇವೆ ಅನ್ನೋದು ಅದರ ಸಾರಾಂಶ. ನಲವತ್ತೆರಡು ವರ್ಷ ಬಾಯಿಬಿಟ್ಟು ಹೇಳದ ಮಾತನ್ನು ಒಂದು ಸರ್ಕಾರಿ ತಂತಿ ಎಲ್ಲರೆದುರು ಹೇಳಿಬಿಟ್ಟಿತು.

ಯುದ್ಧದ ಮಧ್ಯದ ಎರಡು ವರ್ಷ ಕೊಡೈಕೆನಾಲ್‌ನಲ್ಲಿ ಕಳೆದರು. ಅಲ್ಲಿ ಹಲವು ವಯಸ್ಸಿನ, ಹಲವು ದೇಶದ ಮಕ್ಕಳು ಒಟ್ಟಿಗೆ ಕಲಿತರು. ಸುತ್ತಲಿನ ಎಲೆ, ಗಿಡ, ಹುಳುಗಳೇ ಪಾಠದ ಸಾಮಾನಾದವು. ಆರು ವರ್ಷ ದಾಟಿದ ಮಕ್ಕಳಿಗೆ ಏನು ಕಲಿಸಬೇಕು ಅನ್ನೋದರ ಬಗ್ಗೆ ಅವರ ಯೋಚನೆ ಗಟ್ಟಿಯಾಗಿದ್ದು ಈ ಬೆಟ್ಟದ ಮೇಲೆ. ಅಹಮದಾಬಾದಿನಲ್ಲಿ ಕೊಟ್ಟ ಉಪನ್ಯಾಸಗಳಿಂದ ಹುಟ್ಟಿದ ಅವರ ಪ್ರಸಿದ್ಧ ಪುಸ್ತಕ ದಿ ಅಬ್ಸಾರ್ಬೆಂಟ್ ಮೈಂಡ್ 1949ರಲ್ಲಿ ಮೊದಲು ಅಚ್ಚಾಗಿದ್ದು ಅಡ್ಯಾರ್‌ನಲ್ಲೇ. ಭಾರತದಲ್ಲಿ ಅವರ ಕೈಕೆಳಗೆ ತರಬೇತಿ ಪಡೆದವರು ಸಾವಿರಕ್ಕೂ ಹೆಚ್ಚು.

ಕೊನೆಯ ದಿನಗಳು

1946ರಲ್ಲಿ ಯುರೋಪಿಗೆ ಹೋಗಿ, ಮತ್ತೆ ಭಾರತಕ್ಕೆ ಬಂದು, 1949ರಲ್ಲಿ ಪೂರ್ತಿಯಾಗಿ ವಾಪಸಾದರು. ಆ ವರ್ಷದಿಂದ ಮೂರು ವರ್ಷ ಸತತವಾಗಿ ನೊಬೆಲ್ ಶಾಂತಿ ಪ್ರಶಸ್ತಿಗೆ ಅವರ ಹೆಸರು ಸೂಚಿತವಾಯಿತು, ಸಿಗಲಿಲ್ಲ. 1952ರ ಮೇ 6ರಂದು ನೆದರ್ಲೆಂಡ್ಸ್‌ನ ನೂರ್ಡ್‌ವೈಕ್ ಎಂಬ ಸಮುದ್ರ ತೀರದ ಊರಲ್ಲಿ ತೀರಿಕೊಂಡರು. ಅವತ್ತೂ ಮಾರಿಯೊ ಜೊತೆ ಆಫ್ರಿಕಾಗೆ ಹೋಗೋ ಮಾತಾಡುತ್ತಿದ್ದರಂತೆ. ವಯಸ್ಸು 81. ಮಣ್ಣಾಗಿದ್ದೂ ಅಲ್ಲೇ. ತಾಯಿ ಶುರುಮಾಡಿದ ಕೆಲಸವನ್ನು ಮುಂದಿನ ಮೂವತ್ತು ವರ್ಷ ಮಾರಿಯೊ ನಡೆಸಿದರು.

1990ರಿಂದ ಕೆಲವು ವರ್ಷ ಇಟಲಿಯ 1000 ಲಿರಾ ನೋಟಿನ ಮೇಲೆ ಮರಿಯಾ ಅವರ ಮುಖ ಇತ್ತು. ನೋಟಿನ ಇನ್ನೊಂದು ಬದಿಯಲ್ಲಿ ಮಕ್ಕಳು ಓದುತ್ತಾ ಕೂತಿದ್ದರು. ಈಗ ಆ ನೋಟು ಚಲಾವಣೆಯಲ್ಲಿಲ್ಲ. ಎಮೆರಿ ಪೇಪರಿನ ಅಕ್ಷರಗಳು ಮಾತ್ರ ಇನ್ನೂ ಚಲಾವಣೆಯಲ್ಲಿವೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಮೂರು ವರ್ಷದ ಮಗು ಇದ್ದರೆ, ಈ ಸೆಮಿಸ್ಟರ್ ರಜೆಯಲ್ಲಿ ಅದರ ಕೈಯಿಂದ ಮೊಬೈಲ್ ಇಸ್ಕೊಂಡು ಆರು ಡಬ್ಬಿ, ಒಂದು ಹಿಡಿ ರಾಗಿ ಕೊಟ್ಟು ಪಕ್ಕದಲ್ಲಿ ಕೂತುನೋಡಿ. ಎಷ್ಟು ಸಲ ಮಾಡತ್ತೆ ಅಂತ ಎಣಿಸಿ.